ವಧುವಿನ ಹೂಗುಚ್ಛವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಯಾವುದು?

ಮದುಮಗಳು:

ಎಲ್ಲರಿಗೂ ನಮಸ್ಕಾರ. ಇನ್ನು ಹನ್ನೊಂದು ವಾರಗಳಲ್ಲಿ ನನ್ನ ಮದುವೆ. ಉಡುಪು, ಆಭರಣ, ಕೇಶಾಲಂಕಾರ ಎಲ್ಲವೂ ತೀರ್ಮಾನವಾಗಿವೆ. ಕೈಯಲ್ಲಿ ಹಿಡಿಯಬೇಕಾದ ಹೂಗುಚ್ಛದ ವಿಷಯದಲ್ಲಿ ಮಾತ್ರ ಮೂರು ವಾರಗಳಿಂದ ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ. ನಾನು ಬಹಳ ಮೆಚ್ಚಿ ಎತ್ತಿಟ್ಟುಕೊಂಡಿರುವ ಚಿತ್ರದಲ್ಲಿ ಬಿಳಿ ಗುಲಾಬಿ, ಲಿಲ್ಲಿ, ಹೈಡ್ರೇಂಜಿಯಾ ಮತ್ತು ಗಾರ್ಡೇನಿಯಾ ಹೂಗಳು ಸೊಂಟದಿಂದ ಮೊಣಕಾಲಿನವರೆಗೆ ಇಳಿಬಿದ್ದಿವೆ. ನನ್ನ ಉಡುಪು ಕೆನೆಬಣ್ಣದ್ದು, ಅದರ ಸೊಂಟದ ಸುತ್ತ ಕೈಯಿಂದ ಹೆಣೆದ ಲೇಸ್ ಇದೆ. ನನ್ನ ಎತ್ತರ ಐದು ಅಡಿ ಒಂದು ಅಂಗುಲ. ಸಮಾರಂಭ ಬೆಳಿಗ್ಗೆ ಹತ್ತಕ್ಕೆ ತೆರೆದ ತೋಟದಲ್ಲಿ ಆರಂಭವಾಗಿ, ಛಾಯಾಚಿತ್ರಗಳೆಲ್ಲ ಮುಗಿಯುವಾಗ ಸಂಜೆ ನಾಲ್ಕು ದಾಟಬಹುದು.

ನನ್ನ ಚಿಕ್ಕಮ್ಮ ಪುಟ್ಟ ಗುಚ್ಛವೇ ಸಾಕೆನ್ನುತ್ತಾರೆ. ಗೆಳತಿಯರು ಚಿತ್ರದಲ್ಲಿರುವಂತೆಯೇ ಮಾಡಿಸು ಎನ್ನುತ್ತಾರೆ. ಮೊದಲು ಹೂವನ್ನು ಆರಿಸಬೇಕೋ, ಆಕಾರವನ್ನೋ, ಬಣ್ಣವನ್ನೋ ಎಂಬುದೇ ನನಗೆ ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಕತ್ತರಿದಾರ:

ನಮಸ್ಕಾರ. ನಾನು ಬಹಳ ವರ್ಷಗಳಿಂದ ಹೂಗುಚ್ಛ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನೀವು ಕೇಳಿದ ಮೂರಕ್ಕಿಂತಲೂ ಮುಂಚೆ ತೀರ್ಮಾನವಾಗಬೇಕಾದದ್ದು ಇನ್ನೊಂದಿದೆ. ಆ ಗುಚ್ಛ ನೀರಿಲ್ಲದೆ ಎಷ್ಟು ಗಂಟೆ ಇರಬೇಕು ಎಂಬುದು. ನೀವೇ ಹೇಳಿದಂತೆ ಹತ್ತರಿಂದ ನಾಲ್ಕು ಎಂದರೆ ಆರು ಗಂಟೆ. ಕಟ್ಟಿ ಮುಗಿಸಿದ ಮೇಲೆ ನಿಮ್ಮ ಕೈಸೇರುವವರೆಗಿನ ಎರಡು ಗಂಟೆಯನ್ನೂ ಸೇರಿಸಿದರೆ ಎಂಟು. ಚಿತ್ರದಲ್ಲಿರುವ ಗುಚ್ಛ ಕ್ಯಾಮೆರಾದ ಮುಂದೆ ಹತ್ತು ನಿಮಿಷ ಚೆನ್ನಾಗಿದ್ದರೂ ಸಾಕಿತ್ತು. ನಿಮ್ಮದು ಎಂಟು ಗಂಟೆ ಬಾಳಬೇಕು.

ಕತ್ತರಿಸಿದ ಹೂವಿನ ಕಾಂಡದೊಳಗೆ ನೀರು ಸಣ್ಣ ನಾಳಗಳಲ್ಲಿ ಎಳೆಯಂತೆ ಮೇಲೇರುತ್ತದೆ. ನೀರಿನಿಂದ ಹೊರತೆಗೆದೊಡನೆ ಕಡಿದ ತುದಿಯಿಂದ ಗಾಳಿ ಒಳಸೇರಿ ಆ ಎಳೆ ತುಂಡಾಗುತ್ತದೆ, ಆದರೆ ದಳಗಳಿಂದ ನೀರು ಆವಿಯಾಗಿ ಹೋಗುವುದು ನಿಲ್ಲುವುದಿಲ್ಲ. ಬಿಸಿಲು ಮತ್ತು ಗಾಳಿ ಎರಡೂ ಇರುವ ತೋಟದಲ್ಲಿ ಈ ನಷ್ಟ ಇನ್ನೂ ಬೇಗ ಆಗುತ್ತದೆ. ಹೀಗಾಗಿ ಹೂವಿನ ಆಯ್ಕೆಯಲ್ಲಿ ಅಂದಕ್ಕಿಂತ ಮೊದಲು ಅದರ ತಾಳಿಕೆಯನ್ನು ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ನಿಮ್ಮ ಚಿತ್ರದ ಹೂಗಳನ್ನು ಒಂದೊಂದಾಗಿ ನೋಡೋಣ. ಹೈಡ್ರೇಂಜಿಯಾದ ಒಂದೊಂದು ಗೊಂಚಲಿನಲ್ಲಿಯೂ ನೂರಾರು ತೆಳುವಾದ ಎಸಳುಗಳಿರುವುದರಿಂದ ಅದು ವಿಪರೀತ ನೀರು ಬೇಡುವ ಹೂ. ಬಾಡಿದ ಗೊಂಚಲನ್ನು ತಲೆಕೆಳಗಾಗಿ ನೀರಿನಲ್ಲಿ ಮುಳುಗಿಸಿಟ್ಟರೆ ಅದು ಎಸಳುಗಳ ಮೂಲಕವೂ ನೀರು ಹೀರಿ ಚೇತರಿಸಿಕೊಳ್ಳುತ್ತದೆಯಾದರೂ ಸಮಾರಂಭದ ನಡುವೆ ಹಾಗೆ ಮಾಡಲು ಆಗುವುದಿಲ್ಲ. ತೆರೆದ ತೋಟದಲ್ಲಿ ಎಂಟು ಗಂಟೆಗೆ ಅದನ್ನು ನಾನು ಒಪ್ಪುವುದಿಲ್ಲ. ಗಾರ್ಡೇನಿಯಾದ ಪರಿಮಳ ಅದ್ಭುತ, ಆದರೆ ಬೆರಳು ತಾಗಿದ ಕಡೆಯೆಲ್ಲ ಅದರ ಬಿಳಿ ದಳ ಕಂದುಬಣ್ಣಕ್ಕೆ ತಿರುಗುತ್ತದೆ, ಮತ್ತು ಮದುವೆಯ ದಿನ ಗುಚ್ಛವನ್ನು ಯಾರೂ ಮುಟ್ಟದಂತೆ ಕಾಯುವುದು ಅಸಾಧ್ಯ. ಲಿಲ್ಲಿ ತಾಳಿಕೆಯ ಹೂವೇ ಹೌದು; ಅದರ ತೊಂದರೆ ಬಟ್ಟೆಗೆ ಕಲೆ ಮಾಡುವ ಪರಾಗ. ಗುಲಾಬಿಯನ್ನು ಹಿಂದಿನ ರಾತ್ರಿಯಿಡೀ ಸರಿಯಾಗಿ ನೀರು ಕುಡಿಸಿದ್ದರೆ ನಂಬಬಹುದು.

ನೀರಿಲ್ಲದೆ ಹೆಚ್ಚು ಹೊತ್ತು ನಿಲ್ಲುವ ಹೂಗಳೆಂದರೆ ಆರ್ಕಿಡ್, ಕಾರ್ನೇಷನ್, ಸೇವಂತಿಗೆ ಮತ್ತು ಕ್ಯಾಲ್ಲಾ ಲಿಲ್ಲಿ. ಕಾರ್ನೇಷನ್ ಎಂದರೆ ಕೆಲವರು ಮುಖ ತಿರುಗಿಸುತ್ತಾರೆ. ಅದನ್ನು ಒಂಟಿಯಾಗಿ ನೋಡದೆ ನಾಲ್ಕೈದನ್ನು ಒತ್ತಾಗಿ ಸೇರಿಸಿ ನೋಡಿದರೆ, ನೆರಿಗೆ ಹಿಡಿದ ರೇಷ್ಮೆಯಂತೆ ಕಾಣುವ ಆ ಹೂವನ್ನು ನನಗಂತೂ ಎಂದಿಗೂ ಕಡೆಗಣಿಸಲು ಆಗಿಲ್ಲ. ಟ್ಯೂಲಿಪ್ ಕತ್ತರಿಸಿದ ಮೇಲೂ ಬೆಳೆಯುತ್ತಾ ಬೆಳಕಿನತ್ತ ಬಾಗುವುದರಿಂದ ಬೆಳಿಗ್ಗೆ ಕಟ್ಟಿದ ಆಕಾರ ಸಂಜೆಗೆ ಇರುವುದಿಲ್ಲ. ಡೇಲಿಯಾ ಮತ್ತು ಸ್ವೀಟ್ ಪೀ ನೋಡಲು ಎಷ್ಟು ಮೋಹಕವೋ ಅಷ್ಟೇ ಬೇಗ ಸೋಲುತ್ತವೆ.

ಹೂಗುಚ್ಛ ಮಾಡುವವರನ್ನು ಭೇಟಿಯಾದಾಗ ಅದನ್ನು ಹೇಗೆ ಕಟ್ಟುತ್ತೀರಿ ಎಂದು ಅವಶ್ಯ ಕೇಳಿ. ಕಾಂಡಗಳನ್ನು ಒಂದೇ ದಿಕ್ಕಿಗೆ ಓರೆಯಾಗಿ ಸುರುಳಿಯಂತೆ ಜೋಡಿಸುತ್ತಾ ಹೋಗಿ ಒಂದೇ ಬಿಂದುವಿನಲ್ಲಿ ಬಿಗಿಯುವುದು ಒಂದು ವಿಧಾನ. ಇದರಲ್ಲಿ ಕಾಂಡಗಳ ತುದಿ ತೆರೆದಿರುವುದರಿಂದ ಬಿಡುವು ಸಿಕ್ಕಾಗಲೆಲ್ಲ ಗುಚ್ಛವನ್ನು ನೀರಿನಲ್ಲಿ ನಿಲ್ಲಿಸಬಹುದು. ಕಾಂಡವನ್ನು ತೆಗೆದು ಒಂದೊಂದು ಹೂವಿಗೂ ತಂತಿ ಚುಚ್ಚಿ ಟೇಪ್ ಸುತ್ತಿ ಕಟ್ಟುವುದು ಇನ್ನೊಂದು. ಇದು ಹಗುರ, ಬೇಕಾದ ಆಕಾರವನ್ನೂ ಪಡೆಯಬಹುದು, ಆದರೆ ಆ ಹೂಗಳಿಗೆ ಮತ್ತೆ ನೀರು ಸಿಗುವುದೇ ಇಲ್ಲ. ಮೂರನೆಯದು ಹಿಡಿಕೆಯ ಮೇಲಿರುವ ನೀರು ತುಂಬಿದ ಫೋಮ್‌ಗೆ ಹೂಗಳನ್ನು ಚುಚ್ಚುವುದು. ಹೂಗಳಿಗೆ ನೀರು ದೊರೆತರೂ ಗುಚ್ಛ ಭಾರವಾಗುತ್ತದೆ. ಆ ಫೋಮ್ ಒಂದು ಬಗೆಯ ಪ್ಲಾಸ್ಟಿಕ್ ಆಗಿದ್ದು, ಪುಡಿಯಾಗಿ ಮಣ್ಣು ನೀರುಗಳನ್ನು ಸೇರಿದರೆ ಕೊಳೆಯದೆ ಉಳಿಯುವುದರಿಂದ ನಾನು ಅದನ್ನು ಬಳಸುವುದನ್ನು ಬಿಟ್ಟಿದ್ದೇನೆ.

ಬೆಳಕಿಂಡಿ:

ಮದುವೆಗಳ ಛಾಯಾಚಿತ್ರ ತೆಗೆಯುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ. ನಿಮ್ಮ ಸೊಂಟದ ಲೇಸ್‌ನ ಬಗ್ಗೆ ನೀವು ಬರೆದ ರೀತಿಯಲ್ಲಿಯೇ ಅದು ನಿಮಗೆಷ್ಟು ಪ್ರಿಯವೆಂದು ತಿಳಿಯುತ್ತದೆ. ಸೊಂಟದಿಂದ ಮೊಣಕಾಲಿನವರೆಗೆ ಇಳಿಯುವ ಗುಚ್ಛವನ್ನು ಹಿಡಿದರೆ ಎದುರಿನಿಂದ ತೆಗೆದ ಒಂದು ಚಿತ್ರದಲ್ಲಿಯೂ ಆ ಲೇಸ್ ಕಾಣಿಸದು. ಪುಟ್ಟ ಗುಚ್ಛವೂ ಹಿಡಿಯುವ ರೀತಿ ತಪ್ಪಿದರೆ ಅದೇ ಕೆಲಸ ಮಾಡುತ್ತದೆ. ಗಾಬರಿಯಾದಾಗ ಎಲ್ಲರ ಕೈಯೂ ತಾನಾಗಿಯೇ ಎದೆಯ ಮಟ್ಟಕ್ಕೆ ಏರುತ್ತದೆ. ಭುಜಗಳೂ ಜೊತೆಗೇ ಏರುತ್ತವೆ. ಮೊಣಕೈಗಳನ್ನು ಸಡಿಲವಾಗಿ ಬಿಟ್ಟು, ಮಣಿಕಟ್ಟುಗಳನ್ನು ಸೊಂಟದ ಮೂಳೆಗೆ ಆನಿಸಿ, ಹೂಗಳ ಮುಖ ಮುಂದಕ್ಕೆ ಸ್ವಲ್ಪ ಬಾಗುವಂತೆ ಹಿಡಿದರೆ ಗುಚ್ಛ ಹೊಕ್ಕುಳಿಗಿಂತ ಕೆಳಗೆ ನಿಲ್ಲುತ್ತದೆ ಮತ್ತು ಉಡುಪಿನ ನಡು ತೆರೆದಿರುತ್ತದೆ.

ಬಣ್ಣದ ಬಗ್ಗೆ ಹೇಳುವುದಾದರೆ, ಕೆನೆಬಣ್ಣದ ಬಟ್ಟೆಯ ಮುಂದೆ ಅಚ್ಚ ಬಿಳಿಯ ಹೂ ಇಟ್ಟಾಗ ಹೂ ನೀಲಿ ಛಾಯೆಗೆ ತಿರುಗಿ ಕಾಣುತ್ತದೆ, ಅದರ ಪಕ್ಕದಲ್ಲಿ ಉಡುಪು ಹಳದಿಗಟ್ಟಿದಂತೆ ತೋರುತ್ತದೆ. ಎರಡೂ ಚೆಂದವೇ ಆದರೂ ಒಂದಕ್ಕೊಂದು ಕೆಡುಕು ಮಾಡಿಕೊಳ್ಳುತ್ತವೆ. ಸುಡುಬಿಸಿಲಿನಲ್ಲಿ ಇನ್ನೂ ಒಂದು ತೊಂದರೆಯಿದೆ. ಬಿಳಿ ದಳಗಳ ಮಡಿಕೆಗಳೆಲ್ಲ ಬೆಳಕಿನಲ್ಲಿ ಅಳಿಸಿಹೋಗಿ, ಗುಚ್ಛ ಒಂದು ಬಿಳಿ ಉಂಡೆಯಾಗಿ ಚಿತ್ರದಲ್ಲಿ ಮೂಡುತ್ತದೆ. ಹೂಗಳ ನಡುವೆ ಎಲೆಗಳಿಗೂ ನೆರಳಿಗೂ ಜಾಗ ಬಿಟ್ಟು, ತಿಳಿಗುಲಾಬಿಯನ್ನೋ ಮಾಸಲು ಕಿತ್ತಳೆಯನ್ನೋ ಬೆರೆಸಿದರೆ ಪ್ರತಿಯೊಂದು ಹೂವೂ ಬೇರೆಯಾಗಿ ಕಾಣುತ್ತದೆ. ಉಡುಪಿನ ಬಟ್ಟೆಯ ಒಂದು ತುಣುಕನ್ನು ಹೂ ಆರಿಸುವಲ್ಲಿಗೆ ತೆಗೆದುಕೊಂಡು ಹೋಗಿ, ಕಟ್ಟಡದ ಹೊರಗೆ ಹಗಲಿನ ಬೆಳಕಿನಲ್ಲಿ ಅದರ ಮೇಲೆ ಹೂವನ್ನಿಟ್ಟು ನೋಡಿ.

ಜೋತುಬಳ್ಳಿ:

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತೇನೆ, ಆದರೂ ಇಳಿಬೀಳುವ ಗುಚ್ಛವನ್ನು ಇಷ್ಟು ಸುಲಭವಾಗಿ ತಳ್ಳಿಹಾಕುವುದನ್ನು ನಾನು ಒಪ್ಪಲಾರೆ. ನನ್ನ ಮದುವೆಯಲ್ಲಿ ನಾನು ಅಂಥದ್ದನ್ನೇ ಹಿಡಿದಿದ್ದೆ ಮತ್ತು ಇಂದಿಗೂ ಆ ಚಿತ್ರಗಳನ್ನು ನೋಡಿದರೆ ಮನಸ್ಸು ತುಂಬುತ್ತದೆ. 1981ರ ಜುಲೈ 29ರಂದು ಬ್ರಿಟನ್‌ನ ರಾಜಕುಮಾರ ಚಾರ್ಲ್ಸ್ ಅವರೊಂದಿಗಿನ ಮದುವೆಯಲ್ಲಿ ಡಯಾನಾ ಅವರು ಹಿಡಿದಿದ್ದ ಗುಚ್ಛವನ್ನು ನೆನಪಿಸಿಕೊಳ್ಳಿ. ಗಾರ್ಡೇನಿಯಾ, ಸ್ಟೆಫನೋಟಿಸ್, ಆರ್ಕಿಡ್, ಫ್ರೀಸಿಯಾ, ಹಳದಿ ಗುಲಾಬಿ, ಐವಿ ಬಳ್ಳಿಗಳೆಲ್ಲ ಸೇರಿ ಮೂರು ಅಡಿಗೂ ಹೆಚ್ಚು ಉದ್ದ ಇಳಿದಿದ್ದ ಆ ಗುಚ್ಛ ಅಷ್ಟು ವಿಶಾಲವಾದ ಉಡುಪಿನ ಮುಂದೆ ಸರಿಯಾಗಿಯೇ ಹೊಂದಿತ್ತು. ಅದರ ಜಾಗದಲ್ಲಿ ಅಂಗೈಯಗಲದ ಗುಚ್ಛವಿದ್ದಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗೆಯೇ 2011ರ ಏಪ್ರಿಲ್ 29ರಂದು ರಾಜಕುಮಾರ ವಿಲಿಯಂ ಅವರನ್ನು ಮದುವೆಯಾದಾಗ ಕೇಟ್ ಮಿಡಲ್ಟನ್ ಅವರು ಲಿಲ್ಲಿ ಆಫ್ ದಿ ವ್ಯಾಲಿ, ಸ್ವೀಟ್ ವಿಲಿಯಮ್, ಹಯಸಿಂತ್, ಐವಿ ಮತ್ತು ಮರ್ಟಲ್ ಸೇರಿಸಿದ ಪುಟ್ಟ ಗುಚ್ಛವನ್ನು ಹಿಡಿದರು; ತೆಳುವಾದ ಲೇಸ್ ತೋಳಿನ ಆ ಉಡುಪಿಗೆ ಅದೇ ಸರಿಯಾಗಿತ್ತು. ಆದ್ದರಿಂದ ದೊಡ್ಡದೋ ಚಿಕ್ಕದೋ ಎಂಬುದನ್ನು ನಮ್ಮ ಎತ್ತರಕ್ಕಿಂತ ಹೆಚ್ಚಾಗಿ ಉಡುಪಿನ ಘೇರು ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಉಡುಪಿನ ಲಂಗದ ಭಾಗ ಅಗಲವಾಗಿ ಹರಡುತ್ತದೆಯೋ, ನೇರವಾಗಿ ಇಳಿಯುತ್ತದೆಯೋ ಎಂಬುದನ್ನು ನೀವು ಬರೆದಿಲ್ಲ.

ಕತ್ತರಿದಾರ:

ಜೋತುಬಳ್ಳಿ ಅವರೇ, ಉಡುಪಿನ ಘೇರಿನ ವಿಷಯದಲ್ಲಿ ನಿಮ್ಮ ಮಾತು ಸರಿ. ನಾನು ಅದನ್ನು ಮೊದಲೇ ಕೇಳಬೇಕಿತ್ತು. ಡಯಾನಾ ಅವರಿಗಾಗಿ ಅಂದು ಒಂದೇ ಬಗೆಯ ಎರಡು ಗುಚ್ಛಗಳನ್ನು ತಯಾರಿಸಲಾಗಿತ್ತು ಎಂಬುದನ್ನೂ ಓದುಗರು ತಿಳಿದಿರಲಿ. 1947ರಲ್ಲಿ, ಮುಂದೆ ಬ್ರಿಟನ್‌ನ ರಾಣಿಯಾದ ಎಲಿಜಬೆತ್ ಅವರ ಮದುವೆಯ ದಿನ ಛಾಯಾಚಿತ್ರ ತೆಗೆಯುವ ಹೊತ್ತಿಗೆ ಗುಚ್ಛ ಕಾಣೆಯಾಗಿ, ಆಮೇಲೆ ಮತ್ತೊಂದನ್ನು ಮಾಡಿಸಿ ಚಿತ್ರ ತೆಗೆಸಿಕೊಳ್ಳಬೇಕಾಗಿ ಬಂದಿತ್ತು. ನಾವು ಎರಡೆರಡು ಮಾಡಿಸಬೇಕಾಗಿಲ್ಲ, ಆದರೆ ಗುಚ್ಛ ನಿಮ್ಮ ಕೈಯಲ್ಲಿ ಇಲ್ಲದಿರುವಾಗ ಅದು ಯಾರ ಬಳಿ ಇರಬೇಕು ಎಂಬುದನ್ನು ಒಬ್ಬರ ಹೆಸರು ಹೇಳಿ ನಿಗದಿಮಾಡಿರಬೇಕು.

ಇಳಿಬೀಳುವ ಆಕಾರವೇ ಬೇಕೆಂದಾದರೆ ಮಧ್ಯದ ಒಂದು ದಾರಿಯಿದೆ. ಗುಂಡಗಿನ ಗುಚ್ಛದ ಕೆಳಭಾಗದಲ್ಲಿ ಎರಡು ಮೂರು ಐವಿ ಎಳೆಗಳನ್ನೋ ಒಂದು ಆರ್ಕಿಡ್ ಕೊಂಬೆಯನ್ನೋ ಹೊರಚಾಚುವಂತೆ ಸೇರಿಸಿದರೆ ನೀರಹನಿಯ ಆಕಾರ ಬರುತ್ತದೆ. ಭಾರ ಹೆಚ್ಚುವುದಿಲ್ಲ, ಕಾಂಡಗಳೂ ನೀರಿಗೆ ಸಿಗುತ್ತವೆ.

ಮದುಮಗಳು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಉಡುಪಿನ ಕೆಳಭಾಗ ನೇರವಾಗಿ ಇಳಿಯುತ್ತದೆ, ಹೆಚ್ಚು ಘೇರಿಲ್ಲ. ಹೈಡ್ರೇಂಜಿಯಾ ಮತ್ತು ಗಾರ್ಡೇನಿಯಾಗಳನ್ನು ಕೈಬಿಡಲು ಮನಸ್ಸು ಒಪ್ಪಿದೆ. ಆದರೆ ಗಾರ್ಡೇನಿಯಾ ಹೋದರೆ ಪರಿಮಳವೂ ಹೋದಂತಲ್ಲವೇ? ವಾಸನೆಯೇ ಇಲ್ಲದ ಹೂಗಳನ್ನು ಆ ದಿನ ಹಿಡಿದು ನಿಲ್ಲಲು ನನಗೆ ಇಷ್ಟವಿಲ್ಲ. ಇನ್ನೊಂದು ಆತಂಕವೂ ಇದೆ. ನನ್ನನ್ನು ಮದುವೆಯಾಗುವವರಿಗೆ ಕೆಲವು ಹೂಗಳ ಬಳಿ ಹೋದರೆ ಸೀನು ಬರುತ್ತದೆ. ಯಾವ ಹೂಗಳೆಂದು ಅವರಿಗೇ ಖಚಿತವಿಲ್ಲ.

ಪರಾಗ:

ನಾನು ಸಸ್ಯಶಾಸ್ತ್ರ ಬೋಧಿಸುವವಳು. ಪರಾಗ ಮತ್ತು ಪರಿಮಳ ಎರಡೂ ಬೇರೆಬೇರೆ ವಿಷಯಗಳಾದ್ದರಿಂದ ಅವುಗಳನ್ನು ಬೇರೆಯಾಗಿಯೇ ಪರಿಶೀಲಿಸುವುದು ಒಳ್ಳೆಯದು. ಗಾಳಿಯಲ್ಲಿ ತೇಲಿ ಮೂಗು ಸೇರಿ ಅಲರ್ಜಿ ತರುವುದು ಹೆಚ್ಚಾಗಿ ಹುಲ್ಲು ಮತ್ತು ಕೆಲವು ಮರಗಳಂತೆ ಗಾಳಿಯನ್ನೇ ನಂಬಿ ಪರಾಗಸ್ಪರ್ಶ ನಡೆಸುವ ಸಸ್ಯಗಳ ಹಗುರವಾದ ಪರಾಗ. ಗುಲಾಬಿ, ಆರ್ಕಿಡ್‌ಗಳಂಥ ಹೂಗಳು ಕೀಟಗಳನ್ನು ನಂಬಿದವು. ಅವುಗಳ ಪರಾಗ ಅಂಟಾಗಿ, ಭಾರವಾಗಿ ಇರುವುದರಿಂದ ಸುಲಭವಾಗಿ ಹಾರುವುದಿಲ್ಲ. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ ಹೂಗಳು ಕೆಲವರಿಗೆ ತೊಂದರೆ ಕೊಡುತ್ತವೆ, ಆದ್ದರಿಂದ ಅನುಮಾನವಿದ್ದಾಗ ಅವನ್ನು ಬಿಡುವುದು ಕ್ಷೇಮ. ಇನ್ನು ತೀಕ್ಷ್ಣವಾದ ಪರಿಮಳ ಪರಾಗವಿಲ್ಲದೆಯೂ ಮೂಗನ್ನು ಕೆರಳಿಸಬಲ್ಲದು. ಮದುವೆಗೆ ಎರಡು ವಾರ ಮುಂಚೆ, ಆರಿಸಿದ ಹೂಗಳ ಒಂದೊಂದು ಕಾಂಡವನ್ನು ತಂದು, ಒಂದು ಸಂಜೆಗೆ ಒಂದೇ ಬಗೆಯಂತೆ ನಿಮ್ಮವರ ಮುಂದೆ ಇಟ್ಟು ನೋಡಿ. ಸೀನು ತರಿಸುವ ಹೂ ಯಾವುದೆಂಬುದು ಹೀಗೆ ತಿಳಿಯಬಹುದು. ಉಸಿರಾಟದ ತೊಂದರೆಯೂ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಪರಿಮಳಕ್ಕಾಗಿ ಗುಚ್ಛದ ಎಲ್ಲ ಹೂಗಳೂ ಸುವಾಸನೆಯವಾಗಿರಬೇಕಿಲ್ಲ. ಮಾರಾಟಕ್ಕೆ ಬೆಳೆಯುವ ಗುಲಾಬಿಗಳಲ್ಲಿ ಬಹಳಷ್ಟು ತಳಿಗಳನ್ನು ತಾಳಿಕೆಗಾಗಿ ಅಭಿವೃದ್ಧಿಪಡಿಸಿರುವುದರಿಂದ ಅವುಗಳಲ್ಲಿ ಪರಿಮಳ ಅಷ್ಟಾಗಿ ಇರುವುದಿಲ್ಲ. ಸುಗಂಧರಾಜದ ಎರಡು ಕಡ್ಡಿಗಳನ್ನು ಸೇರಿಸಿದರೂ ಸಾಕಷ್ಟು ಪರಿಮಳ ಬರುತ್ತದೆ. ಅದರ ಕಂಪು ಸಂಜೆಯಾದಂತೆ ಹೆಚ್ಚುವುದರಿಂದ ಮುಚ್ಚಿದ ಕೋಣೆಗಿಂತ ನಿಮ್ಮಂತೆ ತೆರೆದ ಜಾಗವಿರುವವರಿಗೆ ಅದು ಹೆಚ್ಚು ಹಿತ. ಫ್ರೀಸಿಯಾದ ಪರಿಮಳ ಇನ್ನೂ ಮೃದು.

ಲಿಲ್ಲಿಯನ್ನು ಉಳಿಸಿಕೊಳ್ಳುವುದಾದರೆ, ಮೊಗ್ಗು ಬಿರಿಯುತ್ತಿದ್ದಂತೆ, ಪರಾಗ ಉದುರಲು ಆರಂಭವಾಗುವ ಮುನ್ನವೇ ಪರಾಗಕೋಶಗಳನ್ನು ಚಿವುಟಿ ತೆಗೆಸಿ. ಆದರೂ ಉಡುಪಿಗೆ ತಾಗಿತೆಂದರೆ ಕೈಯಿಂದ ಒರೆಸಬಾರದು, ನೀರನ್ನೂ ಹಚ್ಚಬಾರದು. ಅಂಟುಟೇಪನ್ನು ಮೆಲ್ಲಗೆ ಒತ್ತಿ ಎತ್ತಿದರೆ ಪುಡಿ ಅದರೊಂದಿಗೆ ಬರುತ್ತದೆ. ಲಿಲ್ಲಿ ಆಫ್ ದಿ ವ್ಯಾಲಿಯ ಪ್ರಸ್ತಾಪ ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಅದರ ಎಲ್ಲ ಭಾಗಗಳಲ್ಲಿಯೂ ಹೃದಯದ ಮೇಲೆ ಪರಿಣಾಮ ಬೀರುವ ವಿಷವಿದೆ. ಕೈಯಲ್ಲಿ ಹಿಡಿಯುವುದರಿಂದ ಅಪಾಯವಿಲ್ಲ, ಆದರೆ ಅದನ್ನು ಪುಟ್ಟ ಮಕ್ಕಳ ಕೈಗೆ ಕೊಡಬಾರದು, ಅದನ್ನಿಟ್ಟ ನೀರನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಬೇಕು. ಯೂಫೋರ್ಬಿಯಾ ಜಾತಿಯ ಗಿಡಗಳ ಹಾಲಿನಂಥ ಸೊನೆ ಚರ್ಮವನ್ನೂ ಕಣ್ಣನ್ನೂ ಉರಿಸುತ್ತದೆ. ಗುಚ್ಛ ಹಿಡಿದ ಕೈ ದಿನದಲ್ಲಿ ಎಷ್ಟೋ ಸಲ ಮುಖಕ್ಕೆ ತಾಗುವುದರಿಂದ ಅದು ಖಂಡಿತ ಬೇಡ.

ಅಕ್ಕಂದಿರ ತಂಗಿ:

ನನ್ನ ಎರಡನೆಯ ಅಕ್ಕನ ಮದುವೆಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ಅವಳು ನೀಲಿ ಗುಲಾಬಿ ಬೇಕೆಂದು ಕೇಳಿದ್ದಳು. ಗುಲಾಬಿಯಲ್ಲಿ ಸಹಜವಾದ ಅಚ್ಚನೀಲಿ ಇಲ್ಲದ್ದರಿಂದ ಬಿಳಿಯ ಹೂಗಳಿಗೆ ಬಣ್ಣ ಹಾಕಿ ಕೊಟ್ಟಿದ್ದರು. ನೋಡಲು ಸೊಗಸಾಗಿಯೇ ಇತ್ತು. ಬಾಡದಿರಲೆಂದು ಯಾರೋ ಪ್ರೀತಿಯಿಂದ ನೀರು ಚಿಮುಕಿಸಿದರು; ಆ ನೀರು ಬಣ್ಣವನ್ನು ಹೊತ್ತು ರಿಬ್ಬನ್ನಿಗೂ, ಅಲ್ಲಿಂದ ಅವಳ ಉಡುಪಿನ ಮುಂಭಾಗಕ್ಕೂ ಇಳಿಯಿತು. ಅವಳು ಅಂದು ಗುಚ್ಛವನ್ನು ಕೆಳಗಿಡದೆ ಆ ಕಲೆಯನ್ನು ಮುಚ್ಚಿಕೊಂಡೇ ನಿಂತಿದ್ದಳು. ನನಗೆ ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ. ಬಣ್ಣ ಹಾಕಿದ ಹೂಗಳನ್ನು ದಯವಿಟ್ಟು ತೆಗೆದುಕೊಳ್ಳಬೇಡಿ; ತೆಗೆದುಕೊಳ್ಳಲೇಬೇಕೆಂದರೆ ಒದ್ದೆಯಾದ ಬಿಳಿ ಬಟ್ಟೆಯಿಂದ ದಳವನ್ನೊಮ್ಮೆ ಒರೆಸಿ ನೋಡಿ.

ಒಣಹೂ:

ಇಷ್ಟೆಲ್ಲ ಆತಂಕವಿರುವಾಗ ರೇಷ್ಮೆಯ ಹೂಗಳನ್ನು ಏಕೆ ಯೋಚಿಸಬಾರದು? ಅವು ಬಾಡುವುದಿಲ್ಲ, ಕಲೆ ಮಾಡುವುದಿಲ್ಲ, ಒಂದು ತಿಂಗಳು ಮೊದಲೇ ಸಿದ್ಧವಿರುತ್ತವೆ.

ಕತ್ತರಿದಾರ:

ಅಲರ್ಜಿ ತೀವ್ರವಾಗಿರುವವರಿಗೆ ಅದು ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಪರಿಮಳ ಬೇಕೆಂದು ಕೇಳಿದವರಿಗೆ ಅದನ್ನು ಸೂಚಿಸಲು ನನಗೆ ಮನಸ್ಸಿಲ್ಲ.

ಇನ್ನು ಹಿಂದಿನ ದಿನದ ಸಿದ್ಧತೆಯ ವಿಷಯ. ಮನೆಯಲ್ಲಿಯೇ ಗುಚ್ಛವನ್ನು ಇರಿಸಿಕೊಳ್ಳುವವರು ಅದನ್ನು ಹಣ್ಣು ತುಂಬಿದ ಫ್ರಿಜ್‌ನಲ್ಲಿ ಇಡುತ್ತಾರೆ, ಮರುದಿನ ಕಾರ್ನೇಷನ್ ದಳಗಳೆಲ್ಲ ಒಳಮುದುರಿಕೊಂಡಿರುವುದನ್ನು ಕಂಡು ಬೆಳೆಗಾರರನ್ನು ದೂರುತ್ತಾರೆ. ಮಾಗುವ ಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಕಾರ್ನೇಷನ್, ಆರ್ಕಿಡ್ ಮುಂತಾದವು ಅದರ ಸೋಂಕಿಗೇ ಬೇಗ ಮುಪ್ಪಾಗುತ್ತವೆ. ಗುಲಾಬಿಗೆ 4 ಡಿಗ್ರಿ ಸೆಲ್ಸಿಯಸ್‌ನ ತಂಪು ಹಿತವೇ, ಆದರೆ ಉಷ್ಣವಲಯದ ಆರ್ಕಿಡ್ ಮತ್ತು ಆಂಥೂರಿಯಂ ಅಷ್ಟು ಚಳಿಯಲ್ಲಿ ಕಪ್ಪಾಗುತ್ತವೆ. ಇವೆರಡು ಬಗೆಯೂ ಸೇರಿರುವ ಗುಚ್ಛಕ್ಕೆ ಫ್ರಿಜ್ ಬೇಡವೇ ಬೇಡ. ಬಿಸಿಲು ಬೀಳದ, ಗಾಳಿ ನೇರವಾಗಿ ಬಡಿಯದ ತಂಪಾದ ಕೋಣೆಯಲ್ಲಿ ಶುದ್ಧ ನೀರಿನಲ್ಲಿ ನಿಲ್ಲಿಸಿದರೆ ಸಾಕು. ಕಾಂಡಗಳ ತುದಿಯನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಹೊಸದಾಗಿ ಕತ್ತರಿಸಿ, ನೀರಿನೊಳಗೆ ಬೀಳುವ ಎಲೆಗಳನ್ನೆಲ್ಲ ತೆಗೆದಿರಬೇಕು; ಆ ಎಲೆಗಳು ಕೊಳೆತರೆ ಬ್ಯಾಕ್ಟೀರಿಯಾಗಳು ಹೆಚ್ಚಿ ನೀರಿನ ನಾಳಗಳನ್ನೇ ಮುಚ್ಚುತ್ತವೆ. ಕೈಗೆ ಕೊಡುವ ಮುನ್ನ ಕಾಂಡಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಲು ಒಬ್ಬರಿಗೆ ಹೇಳಿಡಿ, ಇಲ್ಲದಿದ್ದರೆ ಉಡುಪಿನ ಮೇಲೆ ನೀರು ತೊಟ್ಟಿಕ್ಕುತ್ತದೆ.

ಮಾತುಕತೆಯಲ್ಲಿ ಇಂಥದ್ದೇ ತಳಿ ಬೇಕೆಂದು ಹಟ ಹಿಡಿಯಬೇಡಿ. ಆ ವಾರ ಆ ತಳಿಯ ಮೊಗ್ಗು ಬಿರಿಯದೆ ಹೋಗಬಹುದು. ಇಂಥ ಬಣ್ಣ, ಇಷ್ಟು ಗಾತ್ರ, ಇಂಥವು ಮಾತ್ರ ಖಂಡಿತ ಬೇಡ ಎಂದು ಬರೆದುಕೊಟ್ಟರೆ ಕಟ್ಟುವವರಿಗೆ ಅತ್ಯುತ್ತಮವಾದದ್ದನ್ನು ಆರಿಸಲು ಅವಕಾಶ ಸಿಗುತ್ತದೆ.

ಜೋತುಬಳ್ಳಿ:

ಗುಚ್ಛವನ್ನು ಮದುವೆಯ ನಂತರ ಉಳಿಸಿಕೊಳ್ಳಬೇಕೆಂಬ ಆಸೆಯಿದ್ದರೆ ಅದನ್ನೂ ಈಗಲೇ ಯೋಚಿಸಿ. ನಾನು ತಡಮಾಡಿದೆ, ಮೂರನೆಯ ದಿನ ಒಣಗಿಸಲು ಹೊರಟಾಗ ದಳಗಳ ಅಂಚು ಆಗಲೇ ಕಂದಾಗಿತ್ತು. ಗುಲಾಬಿಯನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿ ಪೂರ್ತಿ ಹೂತು ಮುಚ್ಚಳವಿರುವ ಡಬ್ಬಿಯಲ್ಲಿ ಒಂದು ವಾರ ಇಟ್ಟರೆ ಆಕಾರವೂ ಬಹುಪಾಲು ಬಣ್ಣವೂ ಉಳಿಯುತ್ತವೆ. ತಲೆಕೆಳಗಾಗಿ ತೂಗುಹಾಕಿ ಒಣಗಿಸಿದರೆ ಬಣ್ಣ ಗಾಢವಾಗುತ್ತದೆ, ಬಿಳಿ ಮಾತ್ರ ಹಳದಿಗೆ ತಿರುಗುತ್ತದೆ.

ಮದುಮಗಳು:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಈ ನಡುವೆ ನೀವು ಹೇಳಿದ ಒಂದೊಂದನ್ನೂ ಮಾಡಿ ನೋಡಿದೆ. ದೊಡ್ಡ ಗುಚ್ಛದ ಭಾರ ಹೇಗಿರುತ್ತದೆಂದು ತಿಳಿಯಲು, ಎರಡು ಕಿಲೋ ತೂಗುವಂತೆ ನೀರು ತುಂಬಿದ ಬಾಟಲಿಗಳನ್ನು ಎರಡೂ ಕೈಗಳಿಂದ ಹಿಡಿದು ಕನ್ನಡಿಯ ಮುಂದೆ ನಿಂತೆ. ಕಾಲು ಗಂಟೆಯಾಗುವಷ್ಟರಲ್ಲಿ ಮಣಿಕಟ್ಟು ನೋಯತೊಡಗಿತು, ಭುಜಗಳು ಬೆಳಕಿಂಡಿ ಅವರು ಹೇಳಿದಂತೆಯೇ ಏರಿದ್ದವು. ದೊಡ್ಡ ಗುಚ್ಛದ ಆಸೆಯನ್ನು ಅಲ್ಲಿಗೆ ಬಿಟ್ಟೆ. ಉಡುಪಿನ ತುಣುಕಿನ ಮೇಲೆ ಹಗಲಿನಲ್ಲಿ ಹೂಗಳನ್ನಿಟ್ಟು ನೋಡಿದಾಗ ಅಚ್ಚ ಬಿಳಿಗಿಂತ ಕೆನೆಗುಲಾಬಿಯೂ ತಿಳಿಯಾದ ಕಿತ್ತಳೆಯೂ ಎಷ್ಟೋ ಮೇಲೆನಿಸಿತು. ಸಂಜೆಗೊಂದು ಹೂವಿನಂತೆ ಪರೀಕ್ಷೆಯನ್ನು ಮದುವೆಗೆ ಎರಡು ವಾರ ಇರುವಾಗ ಮಾಡುವ ಬದಲು ಈಗಲೇ ಆರಂಭಿಸಿದೆ. ಅವರಿಗೆ ಸುಗಂಧರಾಜದ ಬಳಿ ಸೀನು ಬಂತು. ಫ್ರೀಸಿಯಾದ ಬಳಿ ಬರಲಿಲ್ಲ. ಲಿಲ್ಲಿಯನ್ನು ಅವರು ಬೇಡವೆನ್ನಲಿಲ್ಲ, ಲೇಸ್‌ನ ಮೇಲಿನ ಅಕ್ಕರೆಯಿಂದ ನಾನೇ ಬಿಟ್ಟೆ.

ಕೊನೆಗೆ ಹೂ ಕಟ್ಟುವವರಿಗೆ ಹೀಗೆಂದು ಬರೆದುಕೊಟ್ಟಿದ್ದೇನೆ: ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲದ ಗುಂಡಗಿನ ಗುಚ್ಛ, ಕೆನೆಬಣ್ಣದ ಗುಲಾಬಿ, ತಿಳಿಕಿತ್ತಳೆಯ ಕಾರ್ನೇಷನ್, ಹೆಬ್ಬೆರಳಿನ ಹತ್ತಿರ ಬರುವಂತೆ ನಾಲ್ಕೈದು ಫ್ರೀಸಿಯಾ, ಕೆಳಗೆ ಎರಡು ಐವಿ ಎಳೆಗಳು, ಬಣ್ಣ ಹಾಕಿದ ಹೂ ಒಂದೂ ಬೇಡ. ಕಾಂಡಗಳ ತುದಿಯನ್ನು ರಿಬ್ಬನ್‌ನಿಂದ ಮುಚ್ಚದೆ ಎರಡು ಅಂಗುಲ ಬಿಡಲು ಕೇಳಿಕೊಂಡಿದ್ದೇನೆ. ಗುಚ್ಛ ನನ್ನ ಕೈಯಲ್ಲಿಲ್ಲದಾಗ ಅದನ್ನು ನೋಡಿಕೊಳ್ಳುವ ಹೊಣೆ ಚಿಕ್ಕಮ್ಮನದು. ನೀರು ತುಂಬಿದ ಗಾಜಿನ ಹೂಜಿಯನ್ನೂ ಕಾಂಡ ಒರೆಸುವ ಬಟ್ಟೆಯನ್ನೂ ತಾವೇ ತರುವುದಾಗಿ ಅವರು ಹೇಳಿದ್ದಾರೆ.